ಹಾಳಿ ಹಿಡಿದವರು

ವಿಜಾಪುರ ಜಿಲ್ಲೆಯ ಇಂಡಿ ಊರಿನ ನಮ್ಮ ಓಣಿಯಲ್ಲಿ ಸೊಸೆಯಾಗಿ ಬಂದವರಿಗೆ ಹೆಸರು ಉಳಿಯುವುದಿಲ್ಲ. ತವರಿನ ಊರೇ ಹೆಸರು. ನನ್ನ ಅತ್ತೆ ಬಸವನ ಬಾಗೇವಾಡಿಯಿಂದ ಬಂದವರು, ಹಾಗಾಗಿ ಬಾಗೇವಾಡ್ಯಾಕಿ. ಪಕ್ಕದ ಮನೆಯ ವಿಧವೆ ಅಗರಖೇಡದಾಕಿ. ಎದುರು ಮನೆಯ ಸಣ್ಣ ಸೊಸೆ ಸಿಂದಗ್ಯಾಕಿ. ನಾನು ಮುದ್ದೇಬಿಹಾಳದಾಕಿ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ, ಅಲ್ಲಿ ನನಗೊಂದು ಹೆಸರಿತ್ತು. ಓಣಿಯ ತಿರುವಿಗೆ ಬಂದರೆ ಅದು ಬಿದ್ದುಹೋಗುತ್ತಿತ್ತು. ಮೊದಮೊದಲು ಇದಕ್ಕೆ ಸಿಟ್ಟು ಬರುತ್ತಿತ್ತು. ಆಮೇಲೆ ರೂಢಿಯಾಯಿತು.

ನಾನು ಇಲ್ಲಿಗೆ ಬಂದದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಮೊದಲ ಶ್ರಾವಣದ ಒಂದು ಮಧ್ಯಾಹ್ನ ಬೆಳಗಿನ ಶಾಲೆ ಮುಗಿಸಿ ಮನೆಗೆ ಬಂದರೆ ಅಗರಖೇಡದಾಕಿ ಬುಟ್ಟಿ ತುಂಬ ಒಗ್ಗರಣೆ ಚುರುಮುರಿ ಇಟ್ಟುಕೊಂಡು ನಮ್ಮ ಪಡಸಾಲೆಯಲ್ಲಿ ಕುಳಿತಿದ್ದಳು.

“ಏನ್ರಿ ವಿಶೇಷ?” ಎಂದೆ.

“ಇವತ್ತ ನಮ್ಮ ಹಾಳಿ ಐತಿ,” ಎಂದಳು, ಅದರಲ್ಲಿ ಕೇಳುವುದೇನಿದೆ ಎಂಬಂತೆ.

ಪುಸ್ತಕದ ಪುಟಕ್ಕೆ ನಮ್ಮ ಕಡೆ ಹಾಳಿ ಎನ್ನುತ್ತಾರೆ, ಅದು ನನಗೂ ಗೊತ್ತು. ಆದರೆ ಹಾಳಿಯೊಂದು ಒಬ್ಬರ ಮನೆಯದು ಹೇಗಾಗುತ್ತದೆ? ಮುದ್ದೇಬಿಹಾಳದ ನಮ್ಮ ಮನೆಯಲ್ಲಿ ಪುಸ್ತಕವೆಂದರೆ ವಾಚನಾಲಯದಿಂದ ತಂದು, ಓದಿ ಮುಗಿಸಿ, ವಾಪಸು ಕೊಡುವ ವಸ್ತು. ಪುಟದ ಮೂಲೆ ಮಡಚಿದರೆ ಅಪ್ಪ ಬೈಯುತ್ತಿದ್ದರು.

ವಿಷಯ ಹೀಗಿತ್ತು. ಶ್ರಾವಣ ಮಾಸವಿಡೀ ನಮ್ಮ ಪಡಸಾಲೆಯಲ್ಲಿ ಹೆಂಗಸರ ಪುರಾಣ ನಡೆಯುತ್ತಿತ್ತು. ಗಂಡಸರ ಪುರಾಣ ಸಂಜೆ ಮಠದಲ್ಲಿ, ಹಾರ್ಮೋನಿಯಂ ತಬಲಾ ಸಮೇತ. ಹೆಂಗಸರದು ಊಟವಾದ ಮೇಲೆ, ಬರೀ ಬಾಯಲ್ಲಿ. ಓಣಿಯ ಆ ವಯಸ್ಸಿನ ಹೆಂಗಸರಲ್ಲಿ ಓದಲು ಬರುತ್ತಿದ್ದದ್ದು ನಾಲ್ಕನೆಯ ಇಯತ್ತೆ ಕಲಿತ ನನ್ನ ಅತ್ತೆ ಒಬ್ಬರಿಗೇ. ಮದುವೆಯಲ್ಲಿ ಅವರ ತಂದೆ ಹಂಡೆ-ಕೊಡಗಳ ಜತೆ ಒಂದು ಪುರಾಣದ ಪುಸ್ತಕವನ್ನೂ ಕೊಟ್ಟು ಕಳಿಸಿದ್ದರಂತೆ. ದಪ್ಪ ಪುಸ್ತಕ. ಸೀಸದ ಮೊಳೆಯಲ್ಲಿ ಅಚ್ಚಾದದ್ದು, ಕಾಗದ ಹಳದಿಗೆ ತಿರುಗಿತ್ತು, ರಟ್ಟಿಗೆ ಹಳೆಯ ಇಳಕಲ್ ಸೀರೆಯ ತುಂಡು ಹೊಲಿದಿದ್ದರು. ಅದನ್ನು ವ್ಯಾಸಪೀಠದ ಮೇಲಿಟ್ಟು ಅತ್ತೆ ಒಂದು ಪದ್ಯ ಹಾಡಿ, “ಅಂದ್ರ ಏನಂತಾನಂದ್ರ” ಎಂದು ಅರ್ಥ ಹೇಳುತ್ತಿದ್ದರು. ಹೆಂಗಸರು ಹತ್ತಿ ಬಿಡಿಸುತ್ತ, ಬತ್ತಿ ಹೊಸೆಯುತ್ತ ಕೇಳುತ್ತಿದ್ದರು.

ಓದುತ್ತಿರುವಾಗ ಯಾರದಾದರೂ ಮನೆಯ ಸುದ್ದಿ ಬಂದು ಓದು ನಡುವೆ ನಿಂತರೆ, ಆ ಹಾಳಿ ಆ ಮನೆಯದು. ಮಗಳು ಹೆತ್ತ ಸುದ್ದಿ ಇರಬಹುದು, ಕೊಟ್ಟಿಗೆಗೆ ಬೆಂಕಿ ಬಿದ್ದ ಸುದ್ದಿ ಇರಬಹುದು. ಒಳ್ಳೆಯದು ಕೆಟ್ಟದ್ದು ಎಂಬ ಭೇದವಿಲ್ಲ. ಅಲ್ಲಿಂದ ಮುಂದೆ ಪ್ರತಿ ಶ್ರಾವಣದಲ್ಲಿ ಆ ಹಾಳಿ ಬಂದ ದಿನ ಆ ಮನೆಯವರು ಎಲ್ಲರಿಗೂ ಫಳಾರ ತರಬೇಕು. ಮನೆಯಾಕೆ ಒದ್ದೆ ವಿಭೂತಿಯಲ್ಲಿ ಹೆಬ್ಬೆರಳು ಅದ್ದಿ ಹಾಳಿಯ ಅಂಚಿಗೆ ಒತ್ತಬೇಕು. ಅವಳ ಸಲುವಾಗಿ ಆ ಹಾಳಿಯನ್ನು ಎರಡು ಸಲ ಓದುತ್ತಾರೆ. ಇದಕ್ಕೆ ಹಾಳಿ ಹಿಡಿಯುವುದು ಎನ್ನುತ್ತಿದ್ದರು. ನಾನು ಬೇರೆಲ್ಲೂ ಇದನ್ನು ಕಂಡಿಲ್ಲ, ಹಿಂದಿನ ಓಣಿಯಲ್ಲೂ ಇರಲಿಲ್ಲ. ಮತ್ತೊಂದು ಕಟ್ಟಳೆಯೂ ಇತ್ತು. ಓದುವವಳಿಗೆ ಹಾಳಿ ಇಲ್ಲ. ನಮ್ಮ ಮನೆಯಲ್ಲಿ ಏನೇನು ನಡೆದರೂ ಅತ್ತೆಗೆ ಒಂದು ಹಾಳಿಯೂ ಸೇರಲಿಲ್ಲ.

ಅಗರಖೇಡದಾಕಿಯ ಗಂಡ ಹೊಲದಲ್ಲಿ ಎದೆನೋವಿನಿಂದ ತೀರಿಕೊಂಡ ಸುದ್ದಿ ಬಂದದ್ದು ನಮ್ಮ ಪಡಸಾಲೆಗೇ. ಅವಳ ಹಾಳಿ ಅದು. ಅದರಲ್ಲಿ ಸಾವಿನ ಮಾತೇನೂ ಇಲ್ಲ. ಭಕ್ತನೊಬ್ಬ ನಸುಕಿನಲ್ಲಿ ಹೂ ಕೊಯ್ಯಲು ತೋಟಕ್ಕೆ ಹೋಗುವ ವರ್ಣನೆ, ಯಾವ ಯಾವ ಹೂ ಎಂಬ ಉದ್ದನೆಯ ಪಟ್ಟಿ. ಕಾವ್ಯವಾಗಿ ಸಾಧಾರಣ. ಆ ಹಾಳಿ ಬಿಟ್ಟುಬಿಡು ಎಂದು ಮಂದಿ ಹೇಳಿದರೂ ಅವಳು ಕಿವಿ ಮೇಲೆ ಹಾಕಿಕೊಂಡಿರಲಿಲ್ಲ.

ನಾನು ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ಉಣ್ಣುತ್ತ ಇದನ್ನೆಲ್ಲ ನೋಡುತ್ತಿದ್ದೆ. ನಂಬಿಕೆ ಇರಲಿಲ್ಲ, ನಗುವಷ್ಟು ಉದ್ಧಟತನವೂ ಇರಲಿಲ್ಲ. ಶಾಲೆಯಲ್ಲಿ ಷಟ್ಪದಿ ಕಲಿಸಿ ದಣಿದು ಬಂದವಳಿಗೆ ಮನೆಯಲ್ಲೂ ಷಟ್ಪದಿ. ನನ್ನ ಜಾಗ ಬಾಗಿಲೇ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಕೆಲವು ವರ್ಷಗಳಾದ ಮೇಲೆ ಅತ್ತೆಯ ಕಣ್ಣು ಕೆಡತೊಡಗಿತು. ಅವರಿಗೆ ಸಕ್ಕರೆ ಕಾಯಿಲೆ. ವಿಜಾಪುರದ ಕಣ್ಣಿನ ಡಾಕ್ಟರು ಚಷ್ಮಾ ಬದಲಿಸಿ ಕೊಟ್ಟರು, ಹೋದ ದೃಷ್ಟಿ ಬರುವುದಿಲ್ಲ ಎಂದೂ ಹೇಳಿದರು. ಆ ಶ್ರಾವಣದಲ್ಲಿ ಅತ್ತೆ ಸಾಲು ತಪ್ಪಿಸಿದರು, ಓದಿದ ಪದ್ಯವನ್ನೇ ಮತ್ತೆ ಓದಿದರು. ಹೆಂಗಸರು ಗೊತ್ತಾಗದವರಂತೆ ಬತ್ತಿ ಹೊಸೆಯುತ್ತಿದ್ದರು. ಆದರೆ ತಪ್ಪುತ್ತಿರುವುದು ಅತ್ತೆಗೆ ಗೊತ್ತಾಗಿತ್ತು. ಪುರಾಣ ಮಂಗಲವಾದ ಮರುದಿನ ರೊಟ್ಟಿ ಬಡಿಯುತ್ತಿದ್ದ ನನ್ನ ಹತ್ತಿರ ಬಂದು ಕುಳಿತರು.

“ಮುಂದಿನ ವರ್ಷ ಆಗಾಂಗಿಲ್ಲ ಅನಸ್ತೈತಿ,” ಎಂದರು. “ಮನಿ ಕೆಲಸ ಯಾರರೆ ಮಾಡ್ತಾರ. ಓದಾಕ ಆಗದಿದ್ರ ನಾ ಅವ್ರಿಗೆ ಯಾರು?”

ಅವರು ಎಂದೂ ಹಾಗೆ ಮಾತಾಡಿದವರಲ್ಲ. ಸೊಸೆ ನೌಕರಿ ಮಾಡುವುದು, ಮಗ ದೂರದೂರಿಗೆ ವರ್ಗವಾಗುವುದು, ಯಾವುದಕ್ಕೂ ತಲೆ ಕೆಡಿಸಿಕೊಳ್ಳದ ಹೆಂಗಸಿಗೆ ಆ ವ್ಯಾಸಪೀಠದ ಹಿಂದಿನ ಒಂದು ಚೌಕ ಜಾಗ ಬಿಡುವುದು ಮಾತ್ರ ಆಗದು. ನನಗೆ ಕೆಡುಕೆನಿಸಿತು. ಕೆಡುಕೆನಿಸಿದಾಗ ಏನಾದರೂ ವ್ಯವಸ್ಥೆ ಮಾಡುವುದು ನನ್ನ ಸ್ವಭಾವ.

ವ್ಯವಸ್ಥೆ ಸಿಂದಗ್ಯಾಕಿಯಿಂದ ಸಿಕ್ಕಿತು. ಪಿಯುಸಿ ಕಲಿತ, ಚುರುಕಿನ ಹುಡುಗಿ. ಅವಳ ಅಕ್ಕ ಸಿಂದಗಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಡಿಟಿಪಿ ಅಂಗಡಿ ನಡೆಸುತ್ತಿದ್ದಳು. ಲಗ್ನಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ, ಚುನಾವಣೆ ಬಂದರೆ ಕರಪತ್ರ. ಒಂದು ರವಿವಾರ ಇಬ್ಬರೂ ಬಸ್ಸಿನಲ್ಲಿ ಹೋದೆವು. ನಾನು ಪುಸ್ತಕವನ್ನು ಟವೆಲಿನಲ್ಲಿ ಸುತ್ತಿಕೊಂಡು ಒಯ್ದಿದ್ದೆ. ಅಕ್ಕ ಒಂದು ಪದ್ಯವನ್ನು ಪರದೆಯ ಮೇಲೆ ಹೊಡೆದು, ಕೀಲಿ ಒತ್ತಿ ಒತ್ತಿ ಅಕ್ಷರ ದೊಡ್ಡದು ಮಾಡಿ ತೋರಿಸಿದಳು.

“ಎಷ್ಟ ದೊಡ್ಡದ ಬೇಕು ಹೇಳ್ರಿ ಟೀಚರ್, ಅಷ್ಟ ಮಾಡೂಣು. ಒಬ್ಬರ ಸಲುವಾಗಿ ಒಂದ ಪುಸ್ತಕ ತೆಗಿಯೂದೂ ಈಗ ಕಷ್ಟ ಅಲ್ಲ.”

ಆ ಮಾತು ನನ್ನ ತಲೆಯಲ್ಲಿ ಕುಳಿತಿತು. ಅಲ್ಲಿಯವರೆಗೆ ಪುಸ್ತಕ ಎಂದರೆ ಎಲ್ಲೋ ದೂರದಲ್ಲಿ, ಯಾರದೋ ಕಣ್ಣಿನ ಅಳತೆಗೆ, ಸಾವಿರಾರು ಮಂದಿಗೆ ಒಟ್ಟಿಗೆ ಅಚ್ಚಾಗುವಂಥದ್ದು. ಕಣ್ಣು ಹೋದವರು ಓದುವುದು ಬಿಡಬೇಕಿತ್ತು. ಈಗ ಸಿಂದಗಿಯ ಒಂದು ಅಂಗಡಿಯಲ್ಲಿ ನನ್ನ ಅತ್ತೆಯ ಕಣ್ಣಿನ ಅಳತೆಗೆ ಪುಸ್ತಕ ಮಾಡುತ್ತೇವೆ ಎನ್ನುತ್ತಿದ್ದರು. ನನಗೆ ನಿಜವಾಗಿ ಹಿಗ್ಗಾಯಿತು.

ಅಕ್ಕ ಬಿಡುವಾದಾಗಲೆಲ್ಲ ಹೊಡೆದಳು, ನಾನು ತಿದ್ದಿದೆ. ಸಿಂದಗ್ಯಾಕಿ ತವರಿಗೆ ಹೋಗಿಬರುವಾಗಲೆಲ್ಲ ಹಾಳೆಗಳ ಕಟ್ಟು ತರುವುದು, ಒಯ್ಯುವುದು. ಮುಂದಿನ ಶ್ರಾವಣದ ಹೊತ್ತಿಗೆ ಹಳೆಯ ಒಂದು ಪುಸ್ತಕ ಹೊಸ ಮೂರು ಸಂಪುಟವಾಗಿತ್ತು. ಬಿಳಿಯ ಕಾಗದ, ಕಪ್ಪನೆಯ ದಪ್ಪ ಅಕ್ಷರ, ಬದಿಗೆ ಪ್ಲಾಸ್ಟಿಕ್ಕಿನ ಸುರುಳಿ ಬೈಂಡಿಂಗ್. ಒಂದು ಅಕ್ಷರ ತಪ್ಪಿಲ್ಲ. ಅದರ ಬಗ್ಗೆ ನನಗೆ ಇವತ್ತಿಗೂ ಜಂಬವಿದೆ.

ಮೊದಲ ದಿನ ಹೆಂಗಸರು ಮುಟ್ಟಿ ಮುಟ್ಟಿ ನೋಡಿದರು. “ಎಷ್ಟ ಬೆಳ್ಳಗ ಐತಿ,” ಎಂದರು. ಅತ್ತೆ ಒಂದು ಕಡೆಯೂ ತಡವರಿಸದೆ ಓದಿದರು, ದನಿಯೂ ಗಟ್ಟಿಯಾಗಿತ್ತು. ನಾನು ಬಾಗಿಲಲ್ಲಿ ನಿಂತು ಆ ದಿನ ಎರಡು ರೊಟ್ಟಿ ಹೆಚ್ಚು ತಿಂದೆ.

ಅಗರಖೇಡದಾಕಿಯ ದಿನ ಬಂತು. ಹಳೆಯ ಒಂದು ಹಾಳಿ ಹೊಸದರಲ್ಲಿ ಮೂರು ಹಾಳಿಗೆ ಹಬ್ಬಿತ್ತು. ಅವಳದು ಎಲ್ಲಿ ಶುರುವಾಗುತ್ತದೆ ಎಂದು ನಾನೇ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದೆ. ಅವಳು ವಿಭೂತಿಯಲ್ಲಿ ಬೆರಳು ಅದ್ದಿ ಅಂಚಿಗೆ ಒತ್ತಿದಳು. ಎತ್ತಿ ನೋಡಿದಳು. ಏನೂ ಕಾಣಲಿಲ್ಲ. ಬಿಳಿಯ ಕಾಗದದ ಮೇಲೆ ಬಿಳಿಯ ವಿಭೂತಿ. ಮತ್ತೆ ಅದ್ದಿ ಒತ್ತಿದಳು. ಒದ್ದೆಗೆ ಕಾಗದ ಸ್ವಲ್ಪ ಉಬ್ಬಿತು, ಅಷ್ಟೇ.

“ನನ್ನ ಹಾಳಿ ಕೊಡು ಅಕ್ಕಾ,” ಎಂದಳು.

“ಅದ ಐತಿ ತಂಗಿ ಇದು,” ಎಂದರು ಅತ್ತೆ.

“ಇದಲ್ಲ. ನಂದು.”

ಅತ್ತೆ ಟ್ರಂಕಿನಿಂದ ಹಳೆಯ ಪುಸ್ತಕ ತರಿಸಿದರು. ಅಗರಖೇಡದಾಕಿ ಯಾರನ್ನೂ ಕೇಳದೆ ಹಾಳಿ ತಿರುವಿದಳು. ಮೂಲೆ ಹರಿದದ್ದಕ್ಕೆ ಹಚ್ಚಿದ ಗಾಳಿಪಟದ ಕೆಂಪು ಕಾಗದ, ನಡುವೆ ದೀಪದ ಎಣ್ಣೆಯ ಕಲೆ, ಅಂಚಿನಲ್ಲಿ ಒಂದರ ಕೆಳಗೊಂದು ಬೆಳ್ಳನೆಯ ಬೆರಳ ಗುರುತುಗಳು. ಸಿಕ್ಕಿತು. ಅದರ ಮೇಲೆ ಅಂಗೈ ಇಟ್ಟು ಕುಳಿತಳು.

ನನಗೆ ಸಿಟ್ಟು ಬಂತು. ಒಂದು ವರ್ಷದ ಕೆಲಸ. ಬಾಗಿಲಿಂದಲೇ ಹೇಳಿದೆ. “ಎರಡರಾಗೂ ಒಂದ ಬರದೈತ್ರಿ. ಒಂದ ಅಕ್ಷರ ಹೆಚ್ಚುಕಡಿಮಿ ಇಲ್ಲ.”

“ಬರದದ್ದು ನಾ ಯಾವಾಗ ಓದೇನಿ ಯವ್ವಾ?” ಎಂದಳು ಅವಳು, ಜಗಳದ ದನಿಯಲ್ಲೇನೂ ಅಲ್ಲ. “ಅದನ್ನ ನಿಮ್ಮತ್ತಿ ಓದ್ತಾಳ. ನಾ ಹಾಳಿ ನೋಡ್ತೇನಿ.”

ಉಳಿದವರೂ ಒಬ್ಬೊಬ್ಬರಾಗಿ ಅದನ್ನೇ ಹೇಳಿದರು. ಹೊಸದರಲ್ಲಿ ಎಲ್ಲ ಹಾಳಿಗೂ ಒಂದೇ ಮುಖವಂತೆ. ನನ್ನ ಮಟ್ಟಿಗೆ ಅದು ಪುಸ್ತಕದ ಗುಣ, ದೋಷವಲ್ಲ. ಈಗಲೂ ಹಾಗೇ ಅನ್ನುತ್ತೇನೆ. ಅತ್ತೆ ವಾದಕ್ಕೆ ಇಳಿಯಲಿಲ್ಲ. ಮರುದಿನದಿಂದ ಹಳೆಯ ಪುಸ್ತಕ ವ್ಯಾಸಪೀಠದ ಮೇಲೆ, ಹೊಸ ಸಂಪುಟ ಪಕ್ಕದ ದಿಂಬಿನ ಮೇಲೆ. ಓದುವುದು ದಿಂಬಿನ ಮೇಲಿನದು, ತಿರುವಿ ಬೆರಳು ಒತ್ತಿಸುವುದು ಪೀಠದ ಮೇಲಿನದು. ಕೆಲವು ಶ್ರಾವಣ ಹೀಗೆ ನಡೆಯಿತು.

ಆ ವರ್ಷಗಳಲ್ಲೇ ಇಂಡಿಯಲ್ಲಿ ಮೊಳೆ ಜೋಡಿಸಿ ಅಚ್ಚು ಹಾಕುವ ಮುದ್ರಣಾಲಯ ಮುಚ್ಚಿತು, ಲಗ್ನಪತ್ರಿಕೆಗಳೆಲ್ಲ ಕಂಪ್ಯೂಟರಿನವಾದವು. ನಮ್ಮ ಶಾಲೆಯ ಗ್ರಂಥಾಲಯದ ಕೋಣೆಗೆ ಪುಸ್ತಕದ ಬದಲು ಒಂದು ಕಂಪ್ಯೂಟರ್ ಬಂತು, ಧೂಳು ಬೀಳಬಾರದೆಂದು ಅದಕ್ಕೆ ಹೊದಿಕೆ ಹೊಲಿಸಿ ಬೀಗ ಹಾಕಿದರು. ಸಿಂದಗಿಯ ಅಕ್ಕನ ಹತ್ತಿರ ನಮ್ಮ ಪುರಾಣ ಸಿಡಿಯಲ್ಲಿ ಉಳಿದಿತ್ತು. ಸುದ್ದಿ ತಿಳಿದು ಬೇರೆ ಊರಿನ ಮುದುಕ ಮುದುಕಿಯರೂ ದಪ್ಪ ಅಕ್ಷರದ ಪ್ರತಿ ಕೇಳಿ ಮಾಡಿಸಿಕೊಂಡು ಹೋದರು. ಒಂದು ಪ್ರತಿ ನನ್ನ ತವರೂರಿಗೂ ಹೋಯಿತಂತೆ. ಅಲ್ಲಿ ಯಾರು ಓದುತ್ತಾರೋ ನನಗೆ ಗೊತ್ತಿಲ್ಲ, ಕೇಳಿ ಸಂತೋಷವಾಯಿತು.

ಆದರೆ ಅತ್ತೆಗೆ ದಪ್ಪ ಅಕ್ಷರವೂ ಮಸುಕಾಯಿತು. ಇನ್ನೂ ದಪ್ಪ ಮಾಡಿಸಲೇ ಎಂದು ಕೇಳಿದೆ. “ಒಂದೊಂದ ಹಾಳ್ಯಾಗ ಒಂದೊಂದ ಅಕ್ಷರ ಹಾಕಸ್ತೀಯೇನು?” ಎಂದು ನಕ್ಕರು. ಆ ಶ್ರಾವಣಕ್ಕೆ ಮುಂಚೆ ಸಿಂದಗ್ಯಾಕಿ ಸಿಡಿ ಪ್ಲೇಯರ್ ಹೊತ್ತು ಬಂದಳು. ಇಡೀ ಪುರಾಣ ಹಾಡಿದ ಸಿಡಿ ಪೇಟೆಯಲ್ಲಿ ಸಿಕ್ಕಿತ್ತು. ಅವಳ ಮನಸ್ಸು ಒಳ್ಳೆಯದೇ.

“ಆಯಿ, ಇನ್ನ ನೀವು ಆರಾಮ ಕುಂತು ಕೇಳ್ರಿ,” ಎಂದಳು.

ಸಿಡಿಯವನ ದನಿ ಪಳಗಿದ ದನಿ. ಹಾರ್ಮೋನಿಯಂ ಇತ್ತು, ತಬಲಾ ಇತ್ತು. ಅತ್ತೆಯ ಒಡಕು ದನಿಯ ಮುಂದೆ ಅದು ಎಷ್ಟೋ ಪಾಲು ಚಂದವಿತ್ತು, ಸುಳ್ಳು ಯಾಕೆ ಹೇಳಲಿ. ಹಿಂದಿನ ಓಣಿಯವರೂ ಬರತೊಡಗಿದರು. “ಛಲೋ ಹಾಡ್ಯಾನ,” ಎಂದರು ಅತ್ತೆ. ಅವತ್ತು ಸಂಜೆ ಊಟ ಬೇಡ ಎಂದರು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಅವರು ಮತ್ತೆ ವ್ಯಾಸಪೀಠದ ಹಿಂದೆ ಬಂದು ಕುಳಿತರು. ಸಿಡಿ ಹಾಡುತ್ತದೆ, ಇವರು ಹಳೆಯ ಪುಸ್ತಕದ ಹಾಳಿ ತಿರುವುತ್ತಾರೆ. ಯಾವ ಪದ್ಯಕ್ಕೆ ಹಾಳಿ ಮುಗಿಯುತ್ತದೆ ಎಂಬುದು ಅವರ ಕಿವಿಗೆ ರೂಢಿಯಾಗಿತ್ತು. ಇಡೀ ಪುರಾಣ ಬಾಯಿಪಾಠವಿತ್ತು ಎಂದು ಯಾರೂ ತಿಳಿಯಬಾರದು. ಇದ್ದಿದ್ದರೆ ಈ ಬರಹವೇ ಬೇಕಿರಲಿಲ್ಲ. ಯಾರದಾದರೂ ಹಾಳಿ ಬಂದರೆ ಅತ್ತೆ ಕೈ ಎತ್ತುವರು, ಸಿಂದಗ್ಯಾಕಿ ರಿಮೋಟ್ ಒತ್ತಿ ನಿಲ್ಲಿಸುವಳು. ಬೆರಳು ಒತ್ತಿ ಮುಗಿದ ಮೇಲೆ ಅಷ್ಟನ್ನೇ ಎರಡನೇ ಸಲ ಹಚ್ಚುವಳು. ಮಠದ ಕಡೆಯ ಹೆಂಗಸೊಬ್ಬಳು, “ಬಾಗೇವಾಡ್ಯಾಕಿಗೆ ಈಗ ಭಾಳ ಹಗರಾತು,” ಎಂದಳು. ಅತ್ತೆ ಹೌದೆಂದರು. ಅವರು ನೌಕರಿಯಲ್ಲಿ ಕೆಳಗಿನ ಹುದ್ದೆಗೆ ಇಳಿಸಲ್ಪಟ್ಟವರ ಹಾಗೆ ಕಾಣುತ್ತಿದ್ದರು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ, ಆದರೂ ಬಾಗಿಲು ಬಿಟ್ಟು ಹೋಗಲಿಲ್ಲ.

ಅಗರಖೇಡದಾಕಿಯ ದಿನ ಮತ್ತೆ ಬಂತು. ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿಕೊಂಡು ಪೀಠದ ಹತ್ತಿರವೇ ಕುಳಿತಿದ್ದಳು. ಅತ್ತೆ ಹಾಳಿ ತಿರುವಿ, ಕೈ ಎತ್ತಿ, ಹಾಗೇ ತಡೆದರು. ಸಿಡಿ ಆಗಲೇ ಮುಂದಿನ ಪ್ರಸಂಗದಲ್ಲಿತ್ತು. ಅತ್ತೆ ಒಂದು ಹಾಳಿ ಮುಂದೆ ತಿರುವಿದರು, ಮತ್ತೆ ಹಿಂದೆ. ಸಿಂದಗ್ಯಾಕಿ ಹಿಂದಕ್ಕೆ ಓಡಿಸಿ ಮತ್ತೆ ಹಚ್ಚಿದಳು. ಭಕ್ತ ನಸುಕಿನಲ್ಲಿ ಎದ್ದವನು ನೇರ ಪೂಜೆಗೆ ಕುಳಿತುಬಿಟ್ಟಿದ್ದ. ತೋಟವಿಲ್ಲ, ಹೂಗಳಿಲ್ಲ. ಹಾಡಿದವನಿಗೆ ಆ ಪಟ್ಟಿ ಬೇಸರ ತರಿಸಿರಬೇಕು, ಬಿಟ್ಟಿದ್ದ.

“ಇದ್ರಾಗ ಇಲ್ಲ ಆಯಿ,” ಎಂದಳು ಸಿಂದಗ್ಯಾಕಿ.

ಅಗರಖೇಡದಾಕಿ ಬುಟ್ಟಿಯ ಬಟ್ಟೆ ಸರಿಮಾಡಿದಳು.

“ನಾ ಓದ್ಲೇನ್ರಿ?” ಎಂದು ಸಿಂದಗ್ಯಾಕಿ ಕೇಳಿದಳು. ಅತ್ತೆ ಕೇಳಿಸದವರಂತೆ ಸುರುಳಿಯ ಎರಡನೆಯ ಸಂಪುಟ ತರಿಸಿದರು. ಪುಟ ತೆರೆಸಿಕೊಂಡು ಮುಖದ ಹತ್ತಿರ ಹಿಡಿದರು. ಮೊದಲ ಸಾಲು ಹಾಡಿದರು. ಎರಡನೆಯದೂ ಬಂತು. ಮೂರನೆಯದರ ನಡುವೆ ನಿಂತರು. ಕಾಗದವನ್ನು ಕಿಟಕಿಯ ಬೆಳಕಿಗೆ ವಾಲಿಸಿದರು, ಬೆರಳಿನಿಂದ ಸಾಲು ಹುಡುಕಿದರು. ಮುಂದಿನ ಶಬ್ದ ನನಗೆ ಗೊತ್ತಿತ್ತು. ಶಾಲೆಯಲ್ಲಾದರೆ ಎತ್ತಿಕೊಡುತ್ತಿದ್ದೆ.

“ಮುಂದ ಕಾಣವಲ್ದು,” ಎಂದರು ಅತ್ತೆ.

ಅಗರಖೇಡದಾಕಿ ವಿಭೂತಿಯ ಬಟ್ಟಲನ್ನು ಅತ್ತೆಯ ಕಡೆ ಸರಿಸಿದಳು.

“ಒತ್ತು ಅಕ್ಕಾ. ಓದು ನಿಂತಿತಲ್ಲ.”

“ಇದು ನಿನ್ನ ಹಾಳಿ.”

“ಇರವಲ್ದ್ಯಾಕ. ಇಬ್ರದೂ ಆಗ್ತದ.”

“ಓದಾಕಿಗೆ ಹಾಳಿ ಇಲ್ಲ ತಂಗಿ.”

“ಇನ್ನ ನೀ ಎಲ್ಲಿ ಓದಾಕಿ?”

ಅಷ್ಟು ನೆಟ್ಟಗೆ ಹೇಳಿದಳು. ಆ ಕ್ಷಣ ಅವಳ ಮೇಲೆ ನನಗೆ ಬಂದ ಸಿಟ್ಟು ಸಣ್ಣದಲ್ಲ. ಅತ್ತೆ ಸಂಪುಟ ಮುಚ್ಚಿ ಅದರ ಮೇಲೆ ಕೈ ಇಟ್ಟುಕೊಂಡು ಕುಳಿತರು. ಗಂಡ ಸತ್ತ ಸುದ್ದಿ ಕೇಳಿದ ಹಾಳಿಯಲ್ಲಿ ಅವಳು ಜಾಗ ಕೊಡುತ್ತಿದ್ದಾಳೆ ಎಂಬುದು ನನ್ನ ತಲೆಗೆ ಹೋಗಲು ತುಸು ಹೊತ್ತು ಹಿಡಿಯಿತು. ಅತ್ತೆಗೆ ನನಗಿಂತ ಮುಂಚೆ ಹೋಗಿತ್ತು.

“ಮುದ್ದೇಬಿಹಾಳದಾಕಿ,” ಎಂದು ಅಡುಗೆಮನೆಯ ಕಡೆ ತಿರುಗಿ ಕರೆದರು. ಓಣಿಯೆಲ್ಲ ಕರೆಯುತ್ತಿದ್ದ ಆ ಹೆಸರಿನಿಂದ ಅವರು ನನ್ನನ್ನು ಎಂದೂ ಕರೆದಿರಲಿಲ್ಲ. “ಕೈ ತೊಳಕೊಂಡ ಬಾ.”

ತಟ್ಟೆ ಇಟ್ಟು ಕೈ ತೊಳೆದು ಬಂದೆ. ಸಿಂದಗ್ಯಾಕಿ ಅತ್ತೆಯ ಕೈ ಹಿಡಿದು ಎಬ್ಬಿಸಿದಳು. ಅತ್ತೆ ಪೀಠದ ಹಿಂದಿನಿಂದ ಎದ್ದು ಈಚೆ ಬಂದು, ಜಮಖಾನೆಯ ಮೇಲೆ ಅಗರಖೇಡದಾಕಿಯ ಮಗ್ಗುಲಲ್ಲಿ ಕುಳಿತರು. ಅಗರಖೇಡದಾಕಿ ಮೊದಲು ಒತ್ತಿದಳು. ಆಮೇಲೆ ಅತ್ತೆಯ ಹೆಬ್ಬೆರಳನ್ನು ತಾನೇ ಹಿಡಿದು ಅಂಚಿನ ಖಾಲಿ ಜಾಗಕ್ಕೆ ಒಯ್ದಳು. ಹಳದಿ ಕಾಗದದ ಮೇಲೆ ಗುರುತು ಒಣಗುತ್ತ ಬೆಳ್ಳಗಾಯಿತು.

ನಾನು ಸುರುಳಿ ಸಂಪುಟ ತೆರೆದು ಓದಿದೆ. ಹಾಡಲು ಬರುವುದಿಲ್ಲ, ಹಾಜರಿ ಕರೆಯುವ ದನಿಯಲ್ಲೇ ಓದಿದೆ. ತೋಟ, ನಸುಕು, ಒಂದಾದ ಮೇಲೊಂದು ಹೂವಿನ ಹೆಸರು. ಕಟ್ಟಳೆಯಂತೆ ಎರಡು ಸಲ ಓದಿ ಪುಸ್ತಕ ಮುಚ್ಚಿದೆ.

“ಅದು ಆಕೀದಾತು,” ಎಂದರು ಅತ್ತೆ. “ನಂದು?”

ಅಷ್ಟು ವರ್ಷ ಓಣಿಗೆಲ್ಲ ಓದಿದವರಿಗೆ ಅಲ್ಲಿಯವರೆಗೆ ಯಾರೂ ಏನೂ ಓದಿ ಹೇಳಿರಲಿಲ್ಲ. ಪುಸ್ತಕ ತೆರೆದು ಮೊದಲಿನಿಂದ ಮತ್ತೆ ಎರಡು ಸಲ ಓದಿದೆ.